ಮೂರನೇ ಸಿಲಿಂಡರ್‌ನ ಸ್ಲೀವ್

ಎಂಜಿನ್ನಿನ ಮುಚ್ಚಳದಂಥ ಹೆಡ್ ಬಿಚ್ಚಿ ಮೂರನೇ ಸಿಲಿಂಡರ್‌ನೊಳಗೆ ಟಾರ್ಚ್ ಬಿಟ್ಟಾಗ ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಕಂಡಿತು. ಮೊದಲು ಕಸ ಅಂದುಕೊಂಡೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದರೆ ಉಗುರು ಸಿಕ್ಕಿಕೊಂಡಿತು. ಬಿರುಕು. "ಹಾಳಾಗಿ ಹೋತು ನೋಡಪಾ" ಎಂದು ಜೋರಾಗಿಯೇ ಅಂದೆ. ಅಹಮದಾಬಾದಿನ ಆ ವರ್ಕ್‌ಶಾಪಿನಲ್ಲಿ ನನ್ನ ಹುಬ್ಬಳ್ಳಿ ಕನ್ನಡ ಯಾರಿಗೂ ಗೊತ್ತಿರಲಿಲ್ಲ. ಆದರೆ ಧಾಟಿ ಎಲ್ಲರಿಗೂ ಅರ್ಥವಾಗಿ ಅಕ್ಕಪಕ್ಕದವರು ಕೆಲಸ ನಿಲ್ಲಿಸಿ ನನ್ನ ಕಡೆ ನೋಡಿದರು.

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಎಂಜಿನ್ ಒಂದೂವರೆ ಲೀಟರಿನದು, ಜಪಾನಿ ಮೂಲದ ಒಂದು ಸಣ್ಣ ಸೆಡಾನ್ ಕಾರಿನದು. ಅದಕ್ಕೆ ನಾನು ಟರ್ಬೊ ಕೂರಿಸಿದ್ದೆ. ಹೊರಹೋಗುವ ಹೊಗೆಯ ರಭಸದಲ್ಲೇ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಹಾಗೆ ಒತ್ತುವುದಕ್ಕೆ ಬೂಸ್ಟ್ ಎನ್ನುತ್ತೇವೆ. ಬೂಸ್ಟ್ ಹೆಚ್ಚಿದಷ್ಟೂ ಶಕ್ತಿ, ಹೆಚ್ಚಿದಷ್ಟೂ ಸಿಲಿಂಡರ್ ಗೋಡೆಗೆ ಹೊಡೆತ. ಈ ಕಾರಿನ ಬ್ಲಾಕ್, ಅಂದರೆ ಸಿಲಿಂಡರ್‌ಗಳನ್ನು ಕೊರೆದ ಎಂಜಿನ್ನಿನ ಒಡಲು, ಅಲ್ಯೂಮಿನಿಯಂನದು. ಅದರೊಳಗೆ ಕಾರ್ಖಾನೆಯವರು ಕಬ್ಬಿಣದ ತೆಳುವಾದ ಕೊಳವೆ ಇಟ್ಟಿರುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಆಡುವುದು ಅದರೊಳಗೆ. ಆ ಕೊಳವೆಯೇ ಸ್ಲೀವ್. ಸಂಸಾರಸ್ಥರು ಓಡಿಸುವ ಕಾರಿಗೆ ಅಷ್ಟು ಸಾಕು, ನನ್ನ ಟರ್ಬೊಗೆ ಸಾಲಲಿಲ್ಲ. ಪೂರ್ತಿ ಬೂಸ್ಟ್ ದೂರವೇ ಉಳಿಯಿತು, ಅರೆಬರೆ ಬೂಸ್ಟ್‌ನ ಮೊದಲ ಪರೀಕ್ಷೆಯಲ್ಲೇ ಸೀಳಿಬಿಟ್ಟಿತು.

ಕಾರು ಸೂರತ್‌ನ ಒಬ್ಬ ಹುಡುಗಿಯದು. ಕುಂದಾಪುರ ಕಡೆಯ ಹೋಟೆಲ್‌ನವರ ಮಗಳು. ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರ ಪಾಲಿಶ್ ಮಾಡುವ ಕಾರ್ಖಾನೆಗಳ ನಡುವೆ ಅವರ ಉಡುಪಿ ಹೋಟೆಲ್. ಹುಟ್ಟಿ ಬೆಳೆದದ್ದು ಅಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಉಳಿದದ್ದರಲ್ಲಿ ಅರ್ಧ ಗುಜರಾತಿ. ಬೆಳಗಿನ ಜಾವ ಹಾಲು ತರಕಾರಿ ತರುವ ಹೋಟೆಲ್ ವ್ಯಾನಿನಲ್ಲಿ ಡ್ರೈವಿಂಗ್ ಕಲಿತವಳು. ಆಮೇಲೆ ಸಣ್ಣಪುಟ್ಟ ರೇಸುಗಳಿಗೆ ಹೋಗತೊಡಗಿದ್ದಳು. ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ನಾನೇ ಅಹಮದಾಬಾದಿನ ಮಣಿನಗರದಲ್ಲಿ ರೈಲು ಹತ್ತಿ ಸೂರತ್‌ಗೆ ಹೋದೆ.

ಕ್ಯಾಶ್ ಕೌಂಟರಿನಲ್ಲಿ ಅವಳ ಅಪ್ಪ ಕುಳಿತಿದ್ದರು. ಚಹಾದ ಹೊತ್ತು, ವಜ್ರದ ಕೆಲಸಗಾರರು ಗುಂಪುಗುಂಪಾಗಿ ಒಳಗೆ ಬರುತ್ತಿದ್ದರು. ನಾನು ವಿಷಯ ಹೇಳಿದೆ.

"ಎಂತ ಮಾರಾಯ್ರೆ, ಒಂದ್ ಕಾರಿಗೆ ಎಷ್ಟ್ ಸಲ ಆಪರೇಷನ್?" ಎಂದರು. ನಗುತ್ತಿರಲಿಲ್ಲ. "ಕಾಣಿ, ನಂದು ಒಂದೇ ಮಾತು. ಸಂಕ್ರಾಂತಿ ಕಳ್ದ್ ಮೇಲೆ ಘಾಟಿ ರೇಸ್ ಇತ್ತಲ್ದಾ? ಅದ್ರಗೆ ಇವಳ ಗಾಡಿ ತುದಿ ಮುಟ್ಟಿರೆ ಗಾಡಿ ಇವಳದ್ದು, ನಾನ್ ಮತ್ತೆ ಬಾಯಿ ಬಿಡುದಿಲ್ಲ. ಮುಟ್ದಿರೆ ಗಾಡಿ ಹೋಪುದು. ನಿಮ್ಮ ಅಹಮದಾಬಾದಿನ ಬಟ್ಟೆ ವ್ಯಾಪಾರಿ ಒಬ್ರು ಕೇಂಡಿದ್ರು, ಮಾತ್ ಕೊಟ್ಟಾಯ್ತು."

ವಡೋದರಾದಲ್ಲಿ ಅವರು ಎರಡನೇ ಹೋಟೆಲ್ ತೆರೆಯುವವರಿದ್ದರು. ಅದನ್ನು ಮಗಳು ನೋಡಿಕೊಳ್ಳಲಿ ಎಂಬುದು ಅವರ ಆಸೆ. ಬಿಚ್ಚಿಟ್ಟ ಕಾರಿನ ಹಿಂದೆ ಸುತ್ತುವ ಮಗಳನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು.

ಒಳಗಿನಿಂದ ಅವಳು ಬಂದಳು. "ಮುಟ್ಟುತ್ತೆ ಅಪ್ಪಯ್ಯ. ಬರಾಬರ್ ಮುಟ್ಟುತ್ತೆ. ನನಗೆ ಮಂಜೂರ್." ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಆಗುತ್ತೆ ನೆ?" ಎಂದಳು.

"ಆಗ್ತದವಾ ತಂಗಿ" ಎಂದೆ. ಬೇರೆ ಏನು ಹೇಳಲಿ? ಅಪ್ಪ ಮಗಳ ನಡುವೆ ಕೂತು ಇಡ್ಲಿ ತಿನ್ನುತ್ತಿದ್ದವನು ನಾನು.

ಬ್ಲಾಕನ್ನೇ ಬದಲಿಸಬಹುದಿತ್ತು, ಸಿಕ್ಕಿದ್ದರೆ. ಆ ಎಂಜಿನ್ ಬಂದದ್ದು ಸ್ವಲ್ಪ ಕಾಲ ಮಾತ್ರ. ಅಹಮದಾಬಾದಿನ ಹಳೆ ಸಾಮಾನಿನ ಬಜಾರುಗಳನ್ನೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಸುತ್ತಿದೆ. ಒಂದು ಸಿಕ್ಕಿತು, ಅದಕ್ಕೆ ವೆಲ್ಡಿಂಗ್ ತೇಪೆ ಹಾಕಿತ್ತು. ಇನ್ನೊಂದನ್ನು ಯಾರೋ ನೀರಿಲ್ಲದೆ ಓಡಿಸಿ ಸುಟ್ಟಿದ್ದರು. ಹಾಗಾಗಿ ಉಳಿದದ್ದು ಒಂದೇ ದಾರಿ, ಇದೇ ಬ್ಲಾಕಿನ ತೆಳು ಕೊಳವೆಗಳನ್ನು ಕೊರೆದು ತೆಗೆದು ದಪ್ಪನೆಯ ಹೊಸ ಸ್ಲೀವ್ ಕೂರಿಸುವುದು. ಅದು ಕೆಟ್ಟರೆ ಬ್ಲಾಕ್ ಹೋಯಿತು, ಬ್ಲಾಕಿನೊಂದಿಗೆ ಕಾರು, ಕಾರಿನೊಂದಿಗೆ ಆ ಹುಡುಗಿಯ ಓಟ.

ಯಾವ ಸ್ಲೀವ್? ಗುಜರಾತಿನಲ್ಲಿ ಡೀಸೆಲ್ ಪಂಪು, ಟ್ರ್ಯಾಕ್ಟರುಗಳಿಗಾಗಿ ಎರಕದ ಕಬ್ಬಿಣದ ಸ್ಲೀವ್ ಮಾಡುವವರು ಬೇಕಾದಷ್ಟಿದ್ದರು. ಗಟ್ಟಿ ಮಾಲು, ಬೇಗ ಸವೆಯುವುದಿಲ್ಲ, ಹೊರಗಿನಿಂದ ಕಡೆದು ನಮ್ಮ ಅಳತೆಗೆ ತಂದುಕೊಳ್ಳಬಹುದು. ಇನ್ನೊಂದು ಬಗೆ ಡಕ್ಟೈಲ್ ಕಬ್ಬಿಣದ್ದು. ಅದೂ ಎರಕವೇ, ಆದರೆ ಒಳಗಿನ ಹದ ಬೇರೆ. ಹೊಡೆತ ಬಿದ್ದರೆ ಒಡೆಯದೆ ಬಾಗುತ್ತದೆ. ರೇಸಿನವರಿಗಾಗಿ ವಿದೇಶದಲ್ಲಿ ಮಾಡುತ್ತಿದ್ದರು, ಮುಂಬಯಿಯ ಒಬ್ಬ ಡೀಲರ್ ತರಿಸಿಕೊಡುತ್ತಿದ್ದ. ಯಾವಾಗ ಬರುತ್ತದೆ ಎಂದು ಕೇಳಿದರೆ "ಬರ್ತದೆ ಸಾರ್" ಎನ್ನುತ್ತಿದ್ದ. ನಮ್ಮ ವರ್ಕ್‌ಶಾಪಿನ ಮಾಲೀಕ ಶೇಠ್‌ಗೆ ಕಾಯುವ ವ್ಯವಧಾನ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಸ್ಥಳೀಯ ಸ್ಲೀವ್ ಕೊಂಡೆವು.

ಕೊರೆಯುವ ಕೆಲಸಕ್ಕೆ ವಡೋದರಾದ ಗೋರ್ವಾದಲ್ಲಿ ಒಬ್ಬ ಕಾಕಾ ಇದ್ದರು. ಬ್ಲಾಕ್ ಬೋರಿಂಗ್‌ನಲ್ಲಿ ಅವರ ಕೈ ಅಂದರೆ ಸುತ್ತಲಿನವರೆಲ್ಲ ಕಣ್ಣು ಮುಚ್ಚಿ ಒಪ್ಪುತ್ತಿದ್ದರು. ಕೂರಿಸುವ ರಂಧ್ರಕ್ಕಿಂತ ಸ್ಲೀವ್ ತುಸುವೇ ದಪ್ಪಗಿರಬೇಕು, ಆಗಲೇ ಅದು ಹಿಡಿದು ನಿಲ್ಲುವುದು. ಆ ವ್ಯತ್ಯಾಸಕ್ಕೆ ನಾವು ಬಿಗಿ ಎನ್ನುತ್ತಿದ್ದೆವು. ನಾನು ಬರೆದುಕೊಟ್ಟ ಬಿಗಿ ಒಂದು ತಲೆಗೂದಲಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು. ಕಾಕಾ ಚೀಟಿ ನೋಡಿ, ನನ್ನನ್ನು ನೋಡಿ, "ಥಈ ಜಶೆ" ಎಂದರು. ಆಗುತ್ತೆ, ಚಿಂತೆ ಬೇಡ ಎಂದು ಅರ್ಥ. ಗುಜರಾತಿನಲ್ಲಿ ಇದ್ದಷ್ಟು ವರ್ಷ ನಾನು ಅತಿ ಹೆಚ್ಚು ಕೇಳಿದ ಮತ್ತು ಅತಿ ಹೆಚ್ಚು ಹೆದರಿದ ಮಾತು ಅದು.

ದೀಪಾವಳಿ ಬಂತು. ಲಾಭಪಂಚಮಿಯ ಮುಹೂರ್ತದ ತನಕ ಅಲ್ಲಿ ಯಾವ ಅಂಗಡಿಯೂ ಬಾಗಿಲು ತೆಗೆಯುವುದಿಲ್ಲ. ಮಣಿನಗರದ ಬಾಡಿಗೆ ಫ್ಲಾಟಿನಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದೆ. ಜೊತೆಗಿದ್ದ ಧಾರವಾಡದ ಗೆಳೆಯ, "ಲೇ, ಒಂದ ಕಡೆ ಕೂಡ್ತಿಯೋ ಇಲ್ಲೋ? ನಿನ್ನ ನೋಡಿ ನನಗ ತಲಿ ತಿರಗಾಕ ಹತ್ತೈತಿ" ಎಂದು ಬೈದ. ಅಂಗಡಿ ತೆಗೆದ ದಿನವೇ ಗೋರ್ವಾಕ್ಕೆ ಓಡಿದೆ. ಬ್ಲಾಕ್ ತಯಾರಾಗಿತ್ತು. ಸ್ಲೀವ್ ಪ್ರೆಸ್ಸಿನಲ್ಲಿ ಇಳಿದು ಕೂತಿದ್ದವು, ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿ ಕಣ್ಣು ತುಂಬಿತು.

ಎಂಜಿನ್ ಜೋಡಿಸಿ ಅಹಮದಾಬಾದಿನಲ್ಲಿ ಚಾಲೂ ಮಾಡಿದೆವು. ಮೊದಲ ಎರಡು ದಿನ ಹೂವಿನಂತೆ ಓಡಿತು. ಮೂರನೇ ದಿನ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳತೊಡಗಿತು. ಸಿಲಿಂಡರಿನ ಒತ್ತಡ ನೀರಿನ ದಾರಿಗೆ ನುಗ್ಗುತ್ತಿದೆ ಎಂದು ಅದರ ಅರ್ಥ. ಹೆಡ್ ಬಿಚ್ಚಿದೆ. ಮೂರನೇ ಸ್ಲೀವ್ ತನ್ನ ಜಾಗದಿಂದ ಒಂದು ಚೂರು ಕೆಳಗೆ ಕುಸಿದಿತ್ತು. ಕಣ್ಣಿಗೆ ಕಾಣದಷ್ಟು, ಉಗುರಿಗೆ ಗೊತ್ತಾಗುವಷ್ಟು. ಹೆಡ್‌ಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಮೇಲಿನ ಹಿಡಿತ ಅಷ್ಟರಲ್ಲೇ ತಪ್ಪಿತ್ತು.

ಸ್ಲೀವ್ ಕಿತ್ತು ಅಳೆದೆ. ನಾನು ಕೊಟ್ಟ ಬಿಗಿಯ ಅರ್ಧವೂ ಇರಲಿಲ್ಲ.

ಬ್ಲಾಕನ್ನು ಟೆಂಪೊದಲ್ಲಿ ಹಾಕಿಕೊಂಡು ಗೋರ್ವಾಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಹಿಂದಿಗೆ ಅನುವಾದ ಮಾಡಿಕೊಳ್ಳುತ್ತಿದ್ದೆ. ಕಾಕಾ ನನ್ನ ಮುಖ ನೋಡಿದವರೇ ಚಹಾ ತರಿಸಿದರು.

"ಚಹಾ ಬೇಡ ಕಾಕಾ. ನಾನು ಬರೆದದ್ದೇನು, ನೀವು ಮಾಡಿದ್ದೇನು?"

"ಭಾಯ್, ನೀವು ಬರೆದಷ್ಟು ಕೊಟ್ಟಿದ್ದರೆ ಬ್ಲಾಕ್ ಸೀಳಿಹೋಗುತ್ತಿತ್ತು" ಎಂದರು, ಎಷ್ಟು ಪ್ರೀತಿಯಿಂದ ಅಂದರೆ ನನ್ನ ಅನುವಾದಗಳೆಲ್ಲ ಗಂಟಲಲ್ಲೇ ಉಳಿದವು. "ಹುಡುಗಿಯ ಗಾಡಿ, ಒಂದೇ ಬ್ಲಾಕ್ ಅಂತ ನೀವೇ ಹೇಳಿದ್ದಿರಿ. ಅದಕ್ಕೇ ನಾನು ಹುಷಾರಾಗಿ ಸ್ವಲ್ಪ ಸಡಿಲ ಮಾಡಿದೆ. ಮೂವತ್ತು ವರ್ಷದಿಂದ ಇಷ್ಟೇ ಕೊಡುತ್ತಿದ್ದೇನೆ, ಒಂದು ಸ್ಲೀವೂ ಅಲುಗಿಲ್ಲ."

ಅಲುಗಿರಲಿಕ್ಕಿಲ್ಲ. ಮೂವತ್ತು ವರ್ಷವೂ ಅವರ ಕೈಗೆ ಬಂದದ್ದು ಟ್ರ್ಯಾಕ್ಟರು, ಪಂಪು, ಟ್ರಕ್ಕು. ಎಲ್ಲವೂ ಕಬ್ಬಿಣದ ಬ್ಲಾಕ್. ಕಬ್ಬಿಣದೊಳಗೆ ಕಬ್ಬಿಣ ಇಟ್ಟರೆ ಬಿಸಿಯಾದಾಗ ಎರಡೂ ಒಟ್ಟಿಗೆ ಹಿಗ್ಗುತ್ತವೆ, ತಣ್ಣಗಿದ್ದಾಗ ಇದ್ದ ಬಿಗಿ ಹಾಗೇ ಇರುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಎಂಜಿನ್ ಬಿಸಿಯಾದಂತೆ ಬ್ಲಾಕಿನ ರಂಧ್ರ ದೊಡ್ಡದಾಗುತ್ತ ಸ್ಲೀವಿನಿಂದ ದೂರ ಸರಿಯುತ್ತದೆ. ಅದಕ್ಕೆ ಮೊದಲೇ ಹೆಚ್ಚು ಬಿಗಿ ಕೊಡಬೇಕು. ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದೆ. ಕಾಕಾ ಕೇಳಿಸಿಕೊಂಡರು, ತಲೆಯಾಡಿಸಿದರು, ತಣ್ಣಗಾದ ಚಹಾವನ್ನು ತಾವೇ ಕುಡಿದರು. "ನಮ್ಮ ಕಡೆಯ ತಪ್ಪು. ಇನ್ನೊಂದು ಸಲ ನಿಮ್ಮ ಚೀಟಿಯೇ" ಎಂದರು. ಜಗಳ ಅಲ್ಲಿಗೆ ಮುಗಿಯಿತು. ಜಗಳಕ್ಕೆಂದು ತಯಾರಾಗಿ ಹೋದವನಿಗೆ ಅದೂ ಒಂದು ಸಂಕಟವೇ.

ಆದರೆ ಇನ್ನೊಂದು ಸಲ ಎಂಬುದು ಒಂದೇ ಸಲ. ಅಲುಗಿದ ಸ್ಲೀವ್ ರಂಧ್ರದ ಗೋಡೆಯನ್ನು ಉಜ್ಜಿತ್ತು. ಅದನ್ನು ನುಣುಪು ಮಾಡಲು ಇನ್ನಷ್ಟು ಕೊರೆಯಬೇಕು, ಕೊರೆದಷ್ಟೂ ಎರಡು ಸಿಲಿಂಡರ್‌ಗಳ ನಡುವಿನ ಅಲ್ಯೂಮಿನಿಯಂ ತೆಳುವಾಗುತ್ತದೆ. ಮೂರನೇ ಅವಕಾಶ ಆ ಲೋಹದಲ್ಲಿ ಇರಲಿಲ್ಲ.

ಈ ಸಲ ಅವಳೂ ವಡೋದರಾಕ್ಕೆ ಬಂದಳು. ಮುಂಬಯಿಯ ಡೀಲರ್ ನಮೂನೆಗೆಂದು ಒಂದು ರಿಜೆಕ್ಟ್ ಆದ ಡಕ್ಟೈಲ್ ಸ್ಲೀವ್ ಕಳಿಸಿದ್ದ. ಕಾಕಾನ ಲೇತ್‌ನಲ್ಲಿ ಅದರಿಂದ ಒಂದು ಬಳೆ, ನಮ್ಮ ಸ್ಥಳೀಯ ಸ್ಲೀವಿನಿಂದ ಇನ್ನೊಂದು ಬಳೆ ಕತ್ತರಿಸಿದೆವು. ಎರಡೂ ಒಂದೇ ಅಗಲ, ಒಂದೇ ದಪ್ಪ. ಸ್ಥಳೀಯ ಬಳೆಯನ್ನು ಕಬ್ಬಿಣದ ದಿಮ್ಮಿಯ ಮೇಲೆ ನಿಲ್ಲಿಸಿ ಅವಳ ಕೈಗೆ ಸುತ್ತಿಗೆ ಕೊಟ್ಟೆ.

"ಜೋರಾಗಿ?"

"ನಿಮ್ಮ ಅಪ್ಪಯ್ಯನ ಮ್ಯಾಲಿನ ಸಿಟ್ಟೆಲ್ಲಾ ಹಾಕು."

ನಕ್ಕು ಹೊಡೆದಳು. ಟಣ್ ಎಂದು ಬಳೆ ಮೂರು ತುಂಡಾಗಿ ಒಂದು ತುಂಡು ಬಾಗಿಲಾಚೆ ಹಾರಿತು. ಡಕ್ಟೈಲ್ ಬಳೆ ಇಟ್ಟೆ. ಹೊಡೆದಳು. ಸದ್ದು ಮಂಕಾಗಿತ್ತು. ಬಳೆ ಸ್ವಲ್ಪ ಚಪ್ಪಟೆಯಾಯಿತು. ಮತ್ತೆ ಹೊಡೆದಳು, ಮತ್ತೂ ಹೊಡೆದಳು. ಅದು ಮೊಟ್ಟೆಯ ಆಕಾರಕ್ಕೆ ಬಂತೇ ಹೊರತು ಒಡೆಯಲಿಲ್ಲ. ಅವಳು ಅದನ್ನು ಎತ್ತಿ ತಿರುಗಿಸಿ ನೋಡಿ, "ಇದೇ ಬೇಕು ಅಣ್ಣ. ಲೇಟ್ ಆದ್ರೂ ಇದೇ" ಎಂದಳು. ನಾನೂ ಅದನ್ನೇ ಹೇಳುವವನಿದ್ದೆ. ಮೇಲ್ತುದಿಯಲ್ಲಿ ಅಂಚು ಇರುವ ಬಗೆಯನ್ನು ಆರಿಸಿದೆವು. ಆ ಅಂಚು ಬ್ಲಾಕಿನಲ್ಲಿ ಕಡೆದ ಮೆಟ್ಟಿಲ ಮೇಲೆ ಕೂರುತ್ತದೆ, ಸ್ಲೀವ್ ಕುಸಿಯಲು ಎಡೆಯಿರುವುದಿಲ್ಲ.

ಆರ್ಡರ್ ಮಾಡಿ ಕಾದೆವು. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಡಿಸೆಂಬರ್ ಪೂರ್ತಿ ದಿನಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನು. ಹಡಗಿನಲ್ಲಿದೆ, ಬಂದರಿನಲ್ಲಿದೆ, ಕಸ್ಟಮ್ಸ್‌ನಲ್ಲಿದೆ. ರಾಮಾ! ಆ ಡೀಲರ್ ನನ್ನ ಧ್ವನಿ ಕೇಳಿದರೆ ಸಾಕು, "ಸಾಹೇಬ್ ಊಟಕ್ಕೆ ಹೋಗಿದ್ದಾರೆ" ಎಂದು ತಾನೇ ಹೇಳತೊಡಗಿದ. ಕೊನೆಗೆ ನಾನೇ ಮುಂಬಯಿಗೆ ಹೋಗಿ ನಾಲ್ಕೂ ಸ್ಲೀವ್‌ಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಡೋದರಾಕ್ಕೆ ತಂದೆ. ಎದುರಿನ ಸೀಟಿನ ಅಜ್ಜಿ ಅದೇನೆಂದು ಕೇಳಿದಳು. ಎಂಜಿನ್ನಿನ ಸಾಮಾನು ಎಂದರೆ ನಂಬಲಿಲ್ಲ.

ಗೋರ್ವಾದಲ್ಲಿ ಆಗಲೇ ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಗಾಳಿ. ರಸ್ತೆ ಬದಿಯಲ್ಲಿ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣ, ಗಾಜಿನ ಪುಡಿ ಸವರುವವರು. ಹಬ್ಬ ಬಂತೆಂದರೆ ಇಡೀ ಊರು ತಾರಸಿ ಹತ್ತುತ್ತದೆ, ಕೆಳಗೆ ಒಬ್ಬನೂ ಸಿಕ್ಕುವುದಿಲ್ಲ. ರೇಸು ಹಬ್ಬ ಮುಗಿದ ಭಾನುವಾರ. ನನ್ನ ಲೆಕ್ಕ ಹೀಗಿತ್ತು: ಹಬ್ಬದ ಮುಂಚೆ ಸ್ಲೀವ್ ಕೂರಬೇಕು, ಹಬ್ಬದ ಎರಡು ದಿನ ನಾನೊಬ್ಬನೇ ಅಹಮದಾಬಾದಿನಲ್ಲಿ ಎಂಜಿನ್ ಜೋಡಿಸಬೇಕು, ಶನಿವಾರ ಕಾರು ಘಾಟಿಯ ಬುಡದಲ್ಲಿರಬೇಕು. ಇದರಲ್ಲಿ ಉಸಿರಾಡುವುದಕ್ಕೆ ಜಾಗವಿರಲಿಲ್ಲ.

ಕಾಕಾ ಈ ಸಲ ನನ್ನ ಚೀಟಿಯನ್ನು ದೇವರ ಪಟದ ಕೆಳಗೆ ಅಂಟಿಸಿಕೊಂಡು ಕೊರೆದರು. ಒಂದು, ಎರಡು, ನಾಲ್ಕು ಸರಿಯಾಗಿ ಬಂದವು. ಮೂರನೆಯದನ್ನು ಕೊನೆಗಿಟ್ಟಿದ್ದರು. ಬೇಕಾದ ಅಳತೆಗೆ ಬಂದಾಗಲೂ ಗೋಡೆಯ ಒಂದು ಕಡೆ ಕಪ್ಪು ಕಲೆ ಹಾಗೇ ಉಳಿದಿತ್ತು. ಹಳೆ ಸ್ಲೀವ್ ಅಲುಗಾಡಿ ತೋಡಿದ ತಗ್ಗು. ತಗ್ಗು ಇದ್ದರೆ ಸ್ಲೀವ್ ಅಲ್ಲಿ ಅಂಟುವುದಿಲ್ಲ. ಇನ್ನೊಂದು ಸುತ್ತು ಕೊರೆದರು, ಕಲೆ ಚಿಕ್ಕದಾಯಿತು. ಮತ್ತೊಂದು ಸುತ್ತು. ಹೋಯಿತು. ಬ್ಲಾಕನ್ನೂ ಸ್ಲೀವ್‌ಗಳನ್ನೂ ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ಇಟ್ಟು, ಬಿಸಿ ತಂಪು ಸಮನಾದ ಮೇಲೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಳೆದೆವು. ಉಳಿದ ಮೂರರಲ್ಲಿ ಬಿಗಿ ಬೇಕಾದಷ್ಟು. ಮೂರನೆಯದರಲ್ಲಿ ಅದರ ಅರ್ಧ.

ಗೇಜನ್ನು ಸೊನ್ನೆಗೆ ತಂದು ಮತ್ತೆ ಅಳೆದೆ. ಅಷ್ಟೇ. ಕಾಕಾ ಅಳೆದರು. ಅಷ್ಟೇ.

ಪರಿಹಾರ ಇತ್ತು. ಹೊರಮೈ ಇನ್ನೂ ದಪ್ಪವಿರುವ ಒಂದೇ ಒಂದು ಸ್ಲೀವ್ ತರಿಸಿ ಈ ರಂಧ್ರಕ್ಕೆ ತಕ್ಕಂತೆ ಕಡೆಯುವುದು. ಅಂಥದ್ದು ಡೀಲರ್ ಬಳಿಯೂ ಇರಲಿಲ್ಲ, ತರಿಸಬೇಕು. ರೇಸಿಗೆ ಮೊದಲು ಸಾಧ್ಯವೇ ಇಲ್ಲದ ಮಾತು.

ಅವಳು ಸೂರತ್‌ನಿಂದ ಮಧ್ಯಾಹ್ನದ ರೈಲಿಗೆ ಬಂದಳು. ಕಾಕಾನ ಕೆಲಸಗಾರರೆಲ್ಲ ಹೊರಟುಹೋಗಿದ್ದರು. ಕಾಕಾ ಮಾತ್ರ ಬೀಗ ಕೈಯಲ್ಲಿ ಹಿಡಿದು ಕಾದಿದ್ದರು. ಸುತ್ತಲ ತಾರಸಿಗಳಲ್ಲಿ ಆಗಲೇ ಕೇಕೆ, ಸ್ಪೀಕರಿನಲ್ಲಿ ಹಾಡು. ನಾನು ಬ್ಲಾಕಿನ ಮುಂದೆ ಅತ್ತಿಂದಿತ್ತ ನಡೆದಾಡುತ್ತಲೇ ಎಲ್ಲ ಹೇಳಿದೆ.

"ಸೀದಾ ಹೇಳಿ ಅಣ್ಣ. ಇವತ್ತೇ ಹಾಕಿದ್ರೆ?"

"ಕೂಡ್ತದ. ಚಾಲೂನೂ ಆಗ್ತದ. ಕೆಳಗ ಬೀಳೂದಿಲ್ಲ, ಅಂಚು ಹಿಡಕೊಂಡಿರ್ತದ. ಆದರ ಎಂಜಿನ್ ಕಾದಾಗ ಬ್ಲಾಕು ಸ್ಲೀವನ್ನ ಬಿಟ್ಟ್ ಸರೀತದ. ಪಿಸ್ಟನ್ನಿನ ಬಿಸಿ ಹೊರಗ ದಾಟಾಂಗಿಲ್ಲ. ಘಾಟಿ ಏರೂ ಮುಂದ ಪೂರ್ತಿ ಬೂಸ್ಟ್ ಕೊಟ್ಟಿ ಅಂದ್ರ ಪಿಸ್ಟನ್ ಸ್ಲೀವಿಗೆ ಕಚ್ಚಿ ಹಿಡೀಬಹುದು. ಹಿಡೀತಂದ್ರ ರಾಡ್ ಮುರದು ಬ್ಲಾಕ್ ತೂತು."

"ಹಿಡೀದೆ ಇರಬಹುದು ಭೀ?"

"ಇರಬಹುದು. ಮ್ಯಾಲಿನ ತನಕ ಒಂದ್ ಸಲ ಹತ್ತೂದಷ್ಟ ಅಲ್ಲ? ಮುಟ್ಟಿದ್ರೂ ಮುಟ್ಟತೈತಿ." ನನ್ನ ಧ್ವನಿ ಏರಿತು. "ನನ್ನ ಕೇಳಿದ್ರ ಹಾಕಿಬಿಡೂಣು ತಂಗಿ. ಇಷ್ಟು ದಿನ ಸತ್ತೀವಿ, ಸುಮ್ನ ಕೂತ್ರ ಗಾಡಿ ಹೆಂಗೂ ಹೋಗ್ತದ. ಹಾಕಿದ್ರ ಒಂದ್ ದಾರಿನಾದ್ರೂ ಅದ."

ನಾನು ಮನಸಾರೆ ಹೇಳಿದ್ದೆ. ಇವತ್ತೂ ಆ ಲೆಕ್ಕ ತಪ್ಪೆಂದು ನನಗೆ ಅನಿಸುವುದಿಲ್ಲ. ಕೈಯಲ್ಲಿರುವುದನ್ನು ಹೇಗೂ ಕಳೆದುಕೊಳ್ಳುವವನು ಒಂದು ಪಣ ಹೂಡುವುದರಲ್ಲಿ ಏನು ತಪ್ಪು?

ಅವಳು ಬ್ಲಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮೂರನೇ ರಂಧ್ರದೊಳಗೆ ಕೈ ಇಳಿಬಿಟ್ಟು ಗೋಡೆಯನ್ನು ಸುತ್ತ ಸವರಿದಳು. ನಾನು ನಾಲ್ಕು ಸಲ ಬಾಗಿಲ ತನಕ ಹೋಗಿ ಬಂದಿರಬೇಕು.

"ಹೋದ್ರೆ ಇನ್ನೊಂದು ಬ್ಲಾಕ್ ಇಲ್ಲ ನೆ?"

"ಇಲ್ಲ."

"ಬಂದ್ ಮಾಡಿ. ಹಾಕೋದು ಬೇಡ."

"ಏನವಾ ನೀನು! ರೇಸ್ ಬಿಟ್ರ ಗಾಡಿ ಮಾರ್ತಾರ ನಿಮ್ಮ ಅಪ್ಪ. ತಿಳದದ ಇಲ್ಲೋ?"

"ತಿಳಿದಿದೆ. ಮಾರಿದ್ರೆ ಗಾಡಿ ಬೇರೆಯವರ ಹತ್ರ ಇರುತ್ತೆ." ಎದ್ದು ಕೈಯ ಎಣ್ಣೆಯನ್ನು ದುಪಟ್ಟಾಕ್ಕೇ ಒರೆಸಿಕೊಂಡಳು. "ಬ್ಲಾಕ್ ಒಡೆದ್ರೆ ಯಾರ ಹತ್ರನೂ ಇರಲ್ಲ. ಸರಿಯಾದ ಸ್ಲೀವ್ ತರ್ಸಿ ಅಣ್ಣ. ಗಾಡಿ ಬರಾಬರ್ ಆಗ್ಲಿ."

ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಇಳಿದ ಮೇಲೆ ನಾಚಿಕೆ, ನಾಚಿಕೆಯ ಹಿಂದೆ ಮತ್ತೆ ಸಿಟ್ಟು. ಕಾಕಾನಿಗೆ ನಮ್ಮ ಕನ್ನಡ ತಿಳಿಯದಿದ್ದರೂ ಏನಾಯಿತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಕೈಗೆ ಒಂದು ಪೊಟ್ಟಣ ಎಳ್ಳು ಚಿಕ್ಕಿ ಕೊಟ್ಟು ಬಾಗಿಲಿಗೆ ಬೀಗ ಹಾಕಿದರು.

ಆ ಭಾನುವಾರ ನಾನು ಮಣಿನಗರದಿಂದ ಹೊರಗೆ ಕಾಲಿಡಲಿಲ್ಲ. ಅವಳು ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಂಡಳಂತೆ. ಸೋಮವಾರ ಅವಳಪ್ಪನಿಗೆ ನಾನೇ ಫೋನ್ ಮಾಡಿ, ಗಾಡಿ ಕೆಟ್ಟದ್ದಲ್ಲ, ಅವಳೇ ಬೇಡವೆಂದದ್ದು ಎಂದು ಬಿಡಿಸಿ ಹೇಳಿದೆ. "ಹಾಂಗಾರೆ ಗಾಡಿ ಹೋಪುದು" ಎಂದರು. ಕಲ್ಲಿನಂಥ ಮನುಷ್ಯ ಎಂದು ಗೆಳೆಯನ ಮುಂದೆ ಹಲ್ಲು ಕಡಿದೆ.

ಹೊಸ ಸ್ಲೀವ್ ಬರುವಾಗ ಚಳಿ ಕಳೆದಿತ್ತು. ಕಾಕಾ ಅದನ್ನು ಕಡೆದು ಬಿಗಿಯನ್ನು ಚೀಟಿಯಲ್ಲಿದ್ದಂತೆಯೇ ತಂದರು. ಅಷ್ಟು ಬಿಗಿಯನ್ನು ಪ್ರೆಸ್ಸಿನಲ್ಲಿ ಒತ್ತಿದರೆ ಅಲ್ಯೂಮಿನಿಯಂ ಕೆರೆದುಹೋಗುತ್ತದೆ. ಬ್ಲಾಕನ್ನು ಕಾಯಿಸಿ ಹಿಗ್ಗಿಸಬೇಕು, ಸ್ಲೀವನ್ನು ತಣಿಸಿ ಕುಗ್ಗಿಸಬೇಕು. ಬ್ಲಾಕ್ ಹಿಡಿಸುವಂಥ ಒಲೆ ಗೋರ್ವಾದಲ್ಲಿ ಇದ್ದದ್ದು ನಾನ್‌ಖಟಾಯಿ ಮಾಡುವ ಬೇಕರಿಯಲ್ಲಿ. ಬೇಕರಿಯವನು ಮೊದಲು ಹೌಹಾರಿದ. ಕಾಕಾ ಅವನ ಹಿಟ್ಟು ಕಲಸುವ ಯಂತ್ರ ರಿಪೇರಿ ಮಾಡಿದ್ದವರು, ಅದಕ್ಕೆ ಒಪ್ಪಿದ. ಬ್ಲಾಕನ್ನು ಡೀಸೆಲಿನಲ್ಲೂ ಸೋಪಿನಲ್ಲೂ ತೊಳೆದ ಮೇಲೆಯೇ ಒಳಗೆ ಬಿಟ್ಟುಕೊಂಡ. ಪಕ್ಕದ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಕುಲ್ಫಿಗಳ ಜೊತೆ ನಾಲ್ಕು ಸ್ಲೀವ್‌ಗಳು. ಬ್ಲಾಕನ್ನು ಒಲೆಯಿಂದ ಎಳೆದದ್ದೇ ತಡ ಗೋಣಿಚೀಲ ಸುತ್ತಿದ ಕೈಯಲ್ಲಿ ಒಂದೊಂದೇ ಸ್ಲೀವ್ ಇಳಿಬಿಟ್ಟೆವು. ತಪ್ಪಿಲ್ಲದೆ ಜಾರಿದವು. ಮೂರನೆಯದನ್ನು ಇಳಿಸಿದವಳು ಅವಳು. ಟಕ್ ಎಂದು ಅಂಚು ಕೂತಿತು, ಮರುಕ್ಷಣ ತಿರುಗಿಸಲು ನೋಡಿದರೆ ಜಪ್ಪಯ್ಯ ಎನ್ನಲಿಲ್ಲ. ಕಾಕಾ "ಬಸ್" ಎಂದು ಹಣೆಯ ಬೆವರು ಒರೆಸಿಕೊಂಡರು. ಬೇಕರಿಯವನು ಎಲ್ಲರಿಗೂ ನಾನ್‌ಖಟಾಯಿ ಕೊಟ್ಟ, ಅದರಲ್ಲಿ ಸ್ವಲ್ಪ ಡೀಸೆಲ್ ವಾಸನೆ ಇತ್ತು.

ಎಂಜಿನ್ ಚಾಲೂ ಆಯಿತು. ಎಷ್ಟು ಕಾಯಿಸಿದರೂ ನೀರಿನಲ್ಲಿ ಒಂದು ಗುಳ್ಳೆ ಬರಲಿಲ್ಲ. ಇನ್ನು ಉಳಿದದ್ದು ಹದಗೊಳಿಸುವ ಓಟ. ಹೊಸ ಸ್ಲೀವಿಗೆ ಪಿಸ್ಟನ್ನಿನ ರಿಂಗುಗಳು ಹೊಂದಿಕೊಳ್ಳುವ ತನಕ, ಸುಮಾರು ಸಾವಿರ ಕಿಲೋಮೀಟರ್, ಬೂಸ್ಟ್ ಏಳದಂತೆ ಮೆಲ್ಲಗೆ ಓಡಿಸಬೇಕು. ಆ ಕೆಲಸ ತಾನೇ ಮಾಡುತ್ತೇನೆಂದು ಅವಳು ಹಟ ಹಿಡಿದಳು. ಬೇರೆಯವರ ಕೈಗೆ ಕೊಟ್ಟರೆ ಮೊದಲ ದಿನವೇ ಒತ್ತಿ ಹಾಳು ಮಾಡುತ್ತಾರೆ ಎಂಬುದು ಅವಳ ಭಯ. ಸೂರತ್‌ನಿಂದ ವಡೋದರಾಕ್ಕೆ, ಅಲ್ಲಿಂದ ಅಹಮದಾಬಾದಿಗೆ, ಮತ್ತೆ ವಾಪಸು. ಟ್ರಕ್ಕುಗಳು, ಎಸ್‌ಟಿ ಬಸ್ಸುಗಳು, ಒಮ್ಮೆ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ ಕೂಡ ಹಾರನ್ ಹೊಡೆದು ಹಿಂದಿಕ್ಕಿ ಹೋದವಂತೆ. ಕೊನೆಯ ಸುತ್ತಿಗೆ ವಡೋದರಾದಿಂದ ನಾನೂ ಜೊತೆಗೆ ಹತ್ತಿದೆ. ಸಂಜೆ ಆ ಬಟ್ಟೆ ವ್ಯಾಪಾರಿ ಸೂರತ್‌ಗೆ ಬಂದು ಕಾರು ಒಯ್ಯುವುದಿತ್ತು.

ಭರೂಚ್ ಸೇತುವೆಯ ಗದ್ದಲ ದಾಟಿ ಅಂಕಲೇಶ್ವರ ಬಿಟ್ಟ ಮೇಲೆ ರಸ್ತೆ ಖಾಲಿ ಸಿಕ್ಕಿತು. ಮೀಟರ್ ನೋಡಿದೆ. "ಸಾವಿರ ಆತು. ಇನ್ನ ಎಂಜಿನ್ ತಯಾರು. ಒತ್ತು ತಂಗಿ, ಒಂದ ಸಲ ಒತ್ತು."

ಅವಳ ಕಾಲು ಇದ್ದಲ್ಲೇ ಇತ್ತು.

"ಯಾರೂ ಇಲ್ಲಲ್ಲ. ಇಷ್ಟು ಮಾಡಿದಾಕಿ ನೀನು. ಒಂದ ಸಲ!"

"ಒತ್ತಿದ್ರೆ ಕೊಡಕ್ಕೆ ಆಗಲ್ಲ ಅಣ್ಣ" ಎಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ವ್ಯಾಪಾರಿ ಸಭ್ಯ ಮನುಷ್ಯ. ಹೋಟೆಲಿನಲ್ಲಿ ಕಾಫಿ ಕುಡಿದು, ಬಾನೆಟ್ ತೆಗೆಸಿ ನೋಡಿ, "ಈಗ ಪೂರ್ತಿ ಓಡಿಸಬಹುದಾ?" ಎಂದು ಅವಳನ್ನೇ ಕೇಳಿದ. "ಪೂರ್ತಿ" ಎಂದು ಕೀಲಿ ಕೊಟ್ಟಳು. ಅವಳಪ್ಪ ಕೌಂಟರ್ ಬಿಟ್ಟು ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಕಾರು ಗಲ್ಲಿಯ ಜನರ ನಡುವೆ ಮೆಲ್ಲಗೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಆಮೇಲೆ ದೊಡ್ಡ ರಸ್ತೆಯ ಕಡೆಯಿಂದ ಆ ಸದ್ದು ಬಂತು. ಮೊದಲು ಎಂಜಿನ್ನಿನ ಗುಡುಗು, ಅದರ ಮೇಲೆ ಟರ್ಬೊದ ಸಿಳ್ಳೆ, ಏರುತ್ತ, ಇನ್ನೂ ಏರುತ್ತ, ಗೇರ್ ಬದಲಾಗುವಾಗ ಉಸಿರು ಬಿಟ್ಟು ಮತ್ತೆ ಏರುತ್ತ. ಹೋಟೆಲ್ ಮುಂದೆ ಬೀಡಿ ಸೇದುತ್ತಿದ್ದ ವಜ್ರದ ಕೆಲಸಗಾರರೆಲ್ಲ ಅತ್ತ ತಿರುಗಿದರು.

ಸದ್ದು ಪೂರ್ತಿ ಅಡಗುವ ತನಕ ಅವಳಪ್ಪ ಅಲುಗಲಿಲ್ಲ. ಅವರ ಬಾಯಿ ಸ್ವಲ್ಪ ತೆರೆದಿತ್ತು. ಮೆಟ್ಟಿಲಿಳಿದು ಮಗಳ ಹತ್ತಿರ ಬಂದರು.

"ಮಗಾ, ಇದನ್ನ ನಂಗೆ ಮೊದ್ಲೇ ಎಂತಕ್ಕೆ ಕೇಳ್ಸ್ಲಿಲ್ಲೆ?"

"ನಾನೂ ಈಗ್ಲೇ ಕೇಳಿದ್ದು ಅಪ್ಪಯ್ಯ" ಎಂದಳು.